ತಪಾಸಣೆಯ ವರದಿ ಬಂತು, ಮುಂದೇನು? ಕೊಳ್ಳುವುದೋ, ಬೆಲೆ ಇಳಿಸಿ ಕೇಳುವುದೋ, ರಿಪೇರಿ ಮಾಡಿಸಿಕೊಳ್ಳುವುದೋ, ಬಿಡುವುದೋ

ಮನೆ ಇಷ್ಟವಾಗಿದೆ. ಕೊಳ್ಳುವ ಮೊದಲು ತಜ್ಞರನ್ನು ಕರೆಸಿ ಕಟ್ಟಡ ತೋರಿಸಿದ್ದೀರಿ. ಈಗ ವರದಿ ಕೈಗೆ ಬಂದಿದೆ. ಪುಟ ತಿರುವಿದರೆ ಬರೀ ಫೋಟೊಗಳು, ಕೆಂಪು ಬಾಣಗಳು, 'ತೇವ ಕಂಡಿದೆ', 'ಬಿರುಕು ಇದೆ', 'ಹೆಚ್ಚಿನ ಪರೀಕ್ಷೆ ಅಗತ್ಯ' ಅನ್ನುವ ಸಾಲುಗಳು. ಎದೆ ಧಸಕ್ಕೆನ್ನುವುದು ಸಹಜ. ಕೆಲವರು ಅಲ್ಲೇ ಮನೆಯ ಆಸೆ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು 'ಎಲ್ಲಾ ಮನೆಗೂ ಇದ್ದದ್ದೇ' ಎಂದು ವರದಿಯನ್ನು ಮಡಚಿಟ್ಟು ಸಹಿ ಹಾಕಲು ಹೊರಡುತ್ತಾರೆ. ಎರಡೂ ಆತುರವೇ.

ದೋಷವಿಲ್ಲದ ಮನೆ ಸಿಗುವುದಿಲ್ಲ, ಹೊಸದರಲ್ಲೂ ಸಿಗುವುದಿಲ್ಲ. ಹಾಗಾಗಿ ವರದಿಯಲ್ಲಿ ಎಷ್ಟು ದೋಷ ಇವೆ ಎಂದು ಎಣಿಸಿ ಪ್ರಯೋಜನವಿಲ್ಲ. ಪ್ರತಿ ದೊಡ್ಡ ದೋಷದ ಎದುರು ಕೇಳಬೇಕಾದ್ದು ಒಂದೇ ಪ್ರಶ್ನೆ: ಇದಕ್ಕೆ ಕಾರಣ ಏನೆಂದು ಗೊತ್ತಾಗಿದೆಯೇ? ಕಾರಣ ಗೊತ್ತಿದ್ದರೆ ಖರ್ಚು ಅಂದಾಜು ಮಾಡಬಹುದು. ಖರ್ಚು ಗೊತ್ತಾದರೆ ಮಾತಿಗೆ ಕೂರಬಹುದು. ಕಾರಣ ಗೊತ್ತಿಲ್ಲದ ದೋಷದ ಮೇಲೆ ಚೌಕಾಸಿ ಮಾಡುವುದೆಂದರೆ ಕತ್ತಲಲ್ಲಿ ಕಲ್ಲು ಹೊಡೆದಂತೆ. ಕೆಳಗೆ ಹೇಳುವ ಎಲ್ಲ ಆಯ್ಕೆಗಳೂ ಈ ಪ್ರಶ್ನೆಯ ಸುತ್ತಲೇ ಇವೆ.

ಮೊದಲು ಗಡುವು ನೋಡಿಕೊಳ್ಳಿ

ವರದಿ ಓದುವುದಕ್ಕೂ ಮೊದಲು ಕರಾರು ಪತ್ರ ತೆಗೆಯಿರಿ. ಕೆಲವು ಕಡೆ ತಪಾಸಣೆ ತೃಪ್ತಿಕರವಾಗಿರಬೇಕು ಅನ್ನುವ ಷರತ್ತು ಕರಾರಿನಲ್ಲೇ ಇರುತ್ತದೆ. ಇಷ್ಟು ದಿನದೊಳಗೆ ಲಿಖಿತವಾಗಿ ತಿಳಿಸಿದರೆ ಕೊಟ್ಟ ಮುಂಗಡ ವಾಪಸ್ಸು ಸಿಗುತ್ತದೆ. ಆ ದಿನ ದಾಟಿದರೆ ಷರತ್ತು ಇದ್ದೂ ಇಲ್ಲದಂತೆ. ಇನ್ನು ಕೆಲವು ಕಡೆ ಅಂಥ ಷರತ್ತೇ ಇರುವುದಿಲ್ಲ. ಅಲ್ಲಿ ನಿಮ್ಮ ಬಲವೆಲ್ಲ ಸಹಿ ಹಾಕುವ ಮುಂಚಿನದು. ನಿಮ್ಮ ಊರಿನ ಕಾನೂನು ಹೇಗಿದೆ ಎಂದು ವಕೀಲರನ್ನು ಕೇಳಿ. ಕೊಡಿಸುವ ದಲ್ಲಾಳಿಯ ಬಾಯಿಮಾತನ್ನು ನಂಬಿ ಕೂರಬೇಡಿ. ವ್ಯವಹಾರ ಮುಗಿದರೆ ಮಾತ್ರ ಅವರಿಗೆ ಕಮಿಷನ್, ಅಲ್ವಾ?

ಗಡುವು ಹತ್ತಿರವಿದ್ದು ಇನ್ನೂ ಪರೀಕ್ಷೆ ಬಾಕಿ ಇದ್ದರೆ ಮೊದಲ ಕೆಲಸ ಗಡುವನ್ನು ಮುಂದೂಡಿಸುವುದು. ಅದೂ ಬರಹದಲ್ಲೇ ಆಗಬೇಕು.

ವರದಿಯ ಬೇಸರದ ಪುಟಗಳೇ ಮುಖ್ಯ

ಹೆಚ್ಚಿನವರು ಫೋಟೊಗಳಿಗೆ ನೇರ ಹಾರುತ್ತಾರೆ. ನಾನು ಹೇಳುವುದು, ಮೊದಲು 'ಪರೀಕ್ಷಿಸಲಾಗದ ಭಾಗಗಳು' ಎಂದು ಬರೆದಿರುವ ಕಡೆ ಓದಿ. ಕೊಳ್ಳುವ ಮುಂಚಿನ ತಪಾಸಣೆ ಸಾಮಾನ್ಯವಾಗಿ ಕಣ್ಣಿಗೆ ಕಾಣುವಷ್ಟಕ್ಕೇ ಸೀಮಿತ. ತಪಾಸಣೆಗೆ ಬಂದವರು ಟೈಲ್ಸ್ ಕೀಳುವುದಿಲ್ಲ, ಗೋಡೆ ಒಡೆಯುವುದಿಲ್ಲ, ತುಂಬಿದ ಬೀರು ಸರಿಸುವುದಿಲ್ಲ. ಒಂದು ಕೋಣೆಗೆ ಬೀಗ ಹಾಕಿತ್ತು, ಛಾವಣಿ ಹತ್ತಲು ಏಣಿ ಇರಲಿಲ್ಲ, ಅಡುಗೆಮನೆ ಸಿಂಕಿನ ಕೆಳಗೆ ಸಾಮಾನು ತುಂಬಿತ್ತು ಎಂದೆಲ್ಲ ಅಲ್ಲಿ ಬರೆದಿರುತ್ತದೆ. ಆ ಭಾಗಗಳ ಬಗ್ಗೆ ವರದಿ ಒಳ್ಳೆಯದನ್ನೂ ಹೇಳಿಲ್ಲ, ಕೆಟ್ಟದ್ದನ್ನೂ ಹೇಳಿಲ್ಲ. ನೋಡದ ಜಾಗವನ್ನು ಸರಿಯಿರುವ ಜಾಗ ಎಂದು ಓದಿಕೊಳ್ಳಬೇಡಿ. ಇನ್ನೊಮ್ಮೆ ಬಾಗಿಲು ತೆಗೆಸಿ ತೋರಿಸಿ.

ಆಮೇಲೆ ತಪಾಸಣೆ ಮಾಡಿದವರಿಗೆ ಫೋನ್ ಮಾಡಿ. ಬರಹದಲ್ಲಿ ಅವರು ಎಚ್ಚರದಿಂದ ಅಳೆದು ಬರೆದಿರುತ್ತಾರೆ. ಮಾತಿನಲ್ಲಿ ಜಾಸ್ತಿ ಬಿಚ್ಚಿ ಹೇಳುತ್ತಾರೆ. 'ಇದರಲ್ಲಿ ನಿಮಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಯಾವುದು? ಇದರ ಕಾರಣ ನಿಮಗೆ ಖಚಿತವೇ, ಊಹೆಯೇ? ಎರಡು ವರ್ಷ ಹಾಗೇ ಬಿಟ್ಟರೆ ಏನಾಗುತ್ತದೆ?' ಇಷ್ಟು ಕೇಳಿದರೂ ದಪ್ಪ ವರದಿ ನಾಲ್ಕೈದು ಸಾಲಿಗೆ ಇಳಿಯುತ್ತದೆ. 'ಕೊಳ್ಳಲೋ ಬೇಡವೋ' ಎಂದು ಮಾತ್ರ ಕೇಳಬೇಡಿ. ಆ ತೀರ್ಮಾನ ನಿಮ್ಮದು. ನಿಮ್ಮ ದುಡ್ಡಿನ ಲೆಕ್ಕ ಅವರಿಗೆ ಗೊತ್ತಿಲ್ಲ.

ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಸವೆದ ಬಾಗಿಲು, ಮಾಸಿದ ಬಣ್ಣ, ಒಡೆದ ಒಂದೆರಡು ಟೈಲ್ಸ್, ಸಡಿಲವಾದ ನಲ್ಲಿ, ಇವನ್ನೆಲ್ಲ ಬದಿಗಿಡಿ. ಮನೆ ನೋಡಿದ ದಿನವೇ ಇವು ನಿಮ್ಮ ಕಣ್ಣಿಗೆ ಬಿದ್ದಿದ್ದವು. ಮಾತುಕತೆಗೆ ಇವನ್ನೂ ತಂದರೆ ಮಾರುವವರಿಗೆ ರೇಗುತ್ತದೆ, ದೊಡ್ಡ ವಿಷಯದ ತೂಕವೂ ಕಡಿಮೆಯಾಗುತ್ತದೆ. ನಿಜವಾಗಿ ನೋಡಬೇಕಾದ್ದು ಕಟ್ಟಡದ ಬಲ, ನೀರು, ವಿದ್ಯುತ್, ಗೆದ್ದಲು. ಇದರ ಜೊತೆಗೆ ಅನುಮತಿ ಇಲ್ಲದೆ ಕಟ್ಟಿದ ಭಾಗ ಏನಾದರೂ ಇದೆಯೇ ಎನ್ನುವುದು.

ಬಿರುಕಿನ ಮಾತು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಜನ ಜಾಸ್ತಿ ಗಾಬರಿಯಾಗುವುದೂ ಅದಕ್ಕೇ, ಜಾಸ್ತಿ ಮೋಸಹೋಗುವುದೂ ಅಲ್ಲೇ. ಗೋಡೆಯ ಬಿರುಕುಗಳನ್ನು ಇಂಜಿನಿಯರುಗಳು ಅಗಲದ ಮೇಲೆ ವಿಂಗಡಿಸುತ್ತಾರೆ. ಬ್ರಿಟನ್ನಿನಲ್ಲಿ ರೂಪುಗೊಂಡು ಬೇರೆ ಕಡೆಯೂ ಬಳಕೆಯಲ್ಲಿರುವ ಒಂದು ಪಟ್ಟಿಯ ಪ್ರಕಾರ 0.1 ಮಿಲಿಮೀಟರಿಗಿಂತ ಸಣ್ಣದು ಲೆಕ್ಕಕ್ಕಿಲ್ಲ. 1 ಮಿಲಿಮೀಟರ್ ತನಕ ಬಣ್ಣ ಬಳಿಯುವಾಗ ಮುಚ್ಚಿಹೋಗುವಂಥದ್ದು. 5 ಮಿಲಿಮೀಟರ್ ತನಕ ತುಂಬಿ ಸರಿಮಾಡುವಂಥದ್ದು, ಬಾಗಿಲು ಕಿಟಕಿ ಸ್ವಲ್ಪ ಹಿಡಿಯಬಹುದು. 5ರಿಂದ 15 ಮಿಲಿಮೀಟರ್ ಆದರೆ ಗೋಡೆಯ ಸ್ವಲ್ಪ ಭಾಗ ಬಿಚ್ಚಿ ಕಟ್ಟಬೇಕಾಗಬಹುದು. 15 ದಾಟಿದರೆ ದೊಡ್ಡ ರಿಪೇರಿ. 25 ದಾಟಿದರೆ ಕಟ್ಟಡದ ಸ್ಥಿರತೆಯದೇ ಪ್ರಶ್ನೆ.

ಆದರೆ ಅಗಲ ಒಂದೇ ಸಾಕಾಗುವುದಿಲ್ಲ. ಬಿರುಕಿನ ಮೇಲೆ ಬೆರಳಾಡಿಸಿ ನೋಡಿ. ಎರಡೂ ಕಡೆ ಒಂದೇ ಮಟ್ಟದಲ್ಲಿದೆಯೇ, ಒಂದು ಕಡೆ ಮುಂದಕ್ಕೆ ಬಂದಿದೆಯೇ? ಮೇಲೆ ಅಗಲ, ಕೆಳಗೆ ಸಪೂರ ಆಗಿದೆಯೇ? ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲಿನಂತೆ ಇಳಿದಿದೆಯೇ? ಹಾಗಿದ್ದರೆ ಅಡಿಪಾಯದ ಒಂದು ಭಾಗ ಕುಸಿದಿರುವ ಅನುಮಾನ ಬರಬೇಕು. ಬಿರುಕಿನೊಳಗೆ ಹಳೆಯ ಬಣ್ಣ ಇಳಿದಿದ್ದರೆ ಅದು ಹಿಂದೊಮ್ಮೆ ಬಿಟ್ಟು ನಿಂತದ್ದಿರಬಹುದು. ಒಳಗೆ ಗಾರೆ ಹೊಚ್ಚಹೊಸದಾಗಿ ಕಾಣುತ್ತಿದ್ದರೆ ಈಚಿನದು. ಇನ್ನೂ ಬೆಳೆಯುತ್ತಿದೆಯೇ ಎಂದು ತಿಳಿಯಲು ಅಳತೆಪಟ್ಟಿ ಅಂಟಿಸಿ ತಿಂಗಳುಗಟ್ಟಲೆ ನೋಡಬೇಕು. ಜೇಡಿ ಮಣ್ಣಿನ ನೆಲ ಒಣಗಿದಾಗ ಕುಗ್ಗುತ್ತದೆ, ನೀರು ಕುಡಿದಾಗ ಉಬ್ಬುತ್ತದೆ. ಋತು ಬದಲಾದಾಗ ಬಿರುಕೂ ಬದಲಾಗುತ್ತದೆ. ಕೊಳ್ಳುವವರಿಗೆ ಅಷ್ಟು ಸಮಯ ಇರುವುದಿಲ್ಲ. ಅದಕ್ಕೇ ಇಂಥ ಬಿರುಕನ್ನು ಮಾರುವವರ ಮಾತಿನ ಮೇಲೆ ಬಿಡದೆ ಸ್ಟ್ರಕ್ಚರಲ್ ಇಂಜಿನಿಯರಿಗೇ ತೋರಿಸಬೇಕು.

ಬಿರುಕಿಗಿಂತ ನನಗೆ ಜಾಸ್ತಿ ಭಯ ಕಾಂಕ್ರೀಟಿನ ಒಳಗಿನ ತುಕ್ಕಿನದು. ಒಳ್ಳೆಯ ಕಾಂಕ್ರೀಟಿನಲ್ಲಿ ಕ್ಷಾರ ಗುಣ ಜಾಸ್ತಿ. ಅದೇ ಒಳಗಿನ ಕಂಬಿಯನ್ನು ಕಾಯುತ್ತದೆ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಆ ಗುಣ ಕುಗ್ಗುತ್ತದೆ. ಆಗ ತೇವ ಸಿಕ್ಕರೆ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು. ಹಾಗಾಗಿ ಅದು ಒಳಗಿನಿಂದಲೇ ಕಾಂಕ್ರೀಟನ್ನು ಒಡೆದು ಹೊರಕ್ಕೆ ತಳ್ಳುತ್ತದೆ. ಸ್ಲ್ಯಾಬಿನ ತಳದಲ್ಲಿ ಕಂಬಿಯ ಗುಂಟ ನೇರ ಬಿರುಕು, ಕಂದು ಕಲೆ, ತಟ್ಟಿದರೆ ಪೊಳ್ಳು ಸದ್ದು, ಇವು ಅದರ ಗುರುತು. ಮೇಲೆ ಗಾರೆ ಬಳಿದು ಬಣ್ಣ ಹಚ್ಚಿದರೆ ಸ್ವಲ್ಪ ಕಾಲ ಏನೂ ಕಾಣುವುದಿಲ್ಲ. ಕ್ಷಾರ ಗುಣ ಎಷ್ಟು ಆಳದವರೆಗೆ ಕುಗ್ಗಿದೆ ಎಂದು ನೋಡಲು ಒಂದು ಸುಲಭ ಪರೀಕ್ಷೆ ಇದೆ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸುತ್ತಾರೆ. ಕ್ಷಾರ ಉಳಿದಿರುವ ಭಾಗ ಗುಲಾಬಿಗೆ ತಿರುಗುತ್ತದೆ, ಕಳೆದುಕೊಂಡ ಭಾಗ ಬಣ್ಣ ಬದಲಿಸುವುದಿಲ್ಲ. ಬಣ್ಣವಿಲ್ಲದ ಪದರ ಕಂಬಿಯವರೆಗೂ ಹೋಗಿದ್ದರೆ ಮಾತು ಗಂಭೀರ.

ನೀರಿನ ವಿಷಯಕ್ಕೆ ಬಂದರೆ, ಕಲೆ ಇರುವ ಕಡೆಯೇ ಸೋರಿಕೆ ಇರಬೇಕೆಂದಿಲ್ಲ. ನೀರು ಸ್ಲ್ಯಾಬಿನೊಳಗೆ, ಪೈಪಿನ ಗುಂಟ ದೂರ ಹರಿದು ಎಲ್ಲೋ ಹೊರಬರುತ್ತದೆ. ತೇವ ಅಳೆಯುವ ಮೀಟರನ್ನೂ ಕುರುಡಾಗಿ ನಂಬುವಂತಿಲ್ಲ. ಗೋಡೆಯಲ್ಲಿ ಉಪ್ಪು ಇದ್ದರೆ ಅದು ಒದ್ದೆ ಎಂದೇ ತೋರಿಸುತ್ತದೆ. ಥರ್ಮಲ್ ಕ್ಯಾಮೆರಾ ತೋರಿಸುವುದು ಮೇಲ್ಮೈಯ ಬಿಸಿ ತಂಪನ್ನು ಮಾತ್ರ. ಸಮತಟ್ಟು ತಾರಸಿಯಾಗಲಿ ಬಚ್ಚಲಾಗಲಿ, ನೀರು ಹೊರಹೋಗುವ ಬಾಯಿ ಮುಚ್ಚಿ, ಒಂದೆರಡು ದಿನ ನೀರು ನಿಲ್ಲಿಸಿ ಕೆಳಗಿನಿಂದ ನೋಡುವುದು ಹಳೆಯ ವಿಧಾನವಾದರೂ ನಂಬುವಂಥದ್ದು. ನೀರಿನ ಭಾರ ತಡೆದೀತೇ ಎಂದು ಇಂಜಿನಿಯರನ್ನು ಕೇಳಿಯೇ ಮಾಡಿಸಿ.

ವಿದ್ಯುತ್ತಿನ ಮಾತು ಚಿಕ್ಕದು. ಅರ್ತಿಂಗ್ ಇಲ್ಲದಿದ್ದರೆ, ವಿದ್ಯುತ್ ಸೋರಿದೊಡನೆ ಲೈನ್ ಕಡಿದು ಜೀವ ಉಳಿಸಲೆಂದೇ ಹಾಕುವ 30 ಮಿಲಿಆಂಪಿಯರಿನ ಲೀಕೇಜ್ ಬ್ರೇಕರ್ ಇಲ್ಲದಿದ್ದರೆ, ಅದು ಅಪಾಯವೇ. ಆದರೆ ಕಾರಣ ಸ್ಪಷ್ಟ, ಪರಿಹಾರ ಗೊತ್ತು, ಖರ್ಚೂ ಲೆಕ್ಕಕ್ಕೆ ಸಿಗುತ್ತದೆ. ಮನೆ ಬಿಡಬೇಕಾದ ಕಾರಣ ಇದಲ್ಲ. ಗೆದ್ದಲು ಕಂಡಿದ್ದರೆ ಔಷಧ ಹೊಡೆಸುವುದು ಅರ್ಧ ಕೆಲಸ ಮಾತ್ರ. ಅದು ತಿಂದ ಮರ ಇನ್ನೂ ಭಾರ ಹೊರುತ್ತಿದೆಯೇ ಎಂದು ಬೇರೆಯವರಿಂದ ನೋಡಿಸಬೇಕು.

ಆಯ್ಕೆಗಳು: ಯಾವುದು ಯಾವಾಗ

*ಇದ್ದ ಹಾಗೇ ಕೊಳ್ಳುವುದು.* ದೋಷಗಳೆಲ್ಲ ಸಣ್ಣವು, ಅಥವಾ ಮನೆಯ ಹಳೆತನವನ್ನು ನೋಡಿಯೇ ಬೆಲೆ ಹೇಳಿದ್ದಾರೆ ಎಂದಾದರೆ ಇದರಲ್ಲಿ ತಪ್ಪಿಲ್ಲ. ಬೇರೆಯವರು ಸಾಲುಗಟ್ಟಿ ನಿಂತಿದ್ದರೆ ಇದೇ ಜಾಣತನವೂ ಆಗಬಹುದು. ಷರತ್ತು ಇಷ್ಟೇ: ರಿಪೇರಿಯ ದುಡ್ಡು ಮನೆಯ ಬೆಲೆಯ ಆಚೆ ನಿಮ್ಮ ಕೈಯಲ್ಲಿ ಇರಬೇಕು.

*ಇನ್ನೊಂದು ಪರೀಕ್ಷೆ ಮಾಡಿಸುವುದು.* ವರದಿಯಲ್ಲಿ 'ತಜ್ಞರಿಂದ ಪರೀಕ್ಷಿಸಿ' ಎಂದಿದ್ದರೆ ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಬಲದ ಪ್ರಶ್ನೆಗೆ ಸ್ಟ್ರಕ್ಚರಲ್ ಇಂಜಿನಿಯರ್, ಚರಂಡಿ ಪೈಪಿಗೆ ಒಳಗೆ ಕ್ಯಾಮೆರಾ ಬಿಡುವವರು, ವೈರಿಂಗಿಗೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ಖರ್ಚು ಮನೆಯ ಬೆಲೆಯ ಮುಂದೆ ಅಲ್ಪ. ಒಂದು ಎಚ್ಚರ: ಪರೀಕ್ಷೆ ಮಾಡುವವರೂ ರಿಪೇರಿ ಮಾಡುವವರೂ ಒಬ್ಬರೇ ಆಗದಿರಲಿ. ಸೋರಿಕೆ ಹುಡುಕಲು ವಾಟರ್‌ಪ್ರೂಫಿಂಗ್ ಕಂಪನಿಯನ್ನೇ ಕರೆದರೆ ಉತ್ತರ ವಾಟರ್‌ಪ್ರೂಫಿಂಗೇ ಆಗಿರುತ್ತದೆ. ಮಾರುವವರು ಈ ಪರೀಕ್ಷೆಗೇ ಒಪ್ಪದಿದ್ದರೆ ಅದೂ ಒಂದು ಉತ್ತರ.

*ಮಾರುವವರಿಂದ ರಿಪೇರಿಯೋ, ಬೆಲೆ ಕಡಿತವೋ?* ಎಲ್ಲರೂ ಒದ್ದಾಡುವುದು ಇಲ್ಲೇ. ನನ್ನ ಒಲವು ಹೆಚ್ಚಿನ ಸಲ ಬೆಲೆ ಕಡಿತದ ಕಡೆಗೆ. ಮಾರುವವರು ಮನೆ ಬಿಟ್ಟು ಹೋಗುವವರು. ಕೆಲಸ ಬೇಗ ಮುಗಿಯಲಿ, ಅಗ್ಗದಲ್ಲಿ ಮುಗಿಯಲಿ ಅನ್ನುವುದು ಅವರ ಮನಸ್ಸಿನಲ್ಲಿರುತ್ತದೆ. ಅದು ಕೆಟ್ಟತನ ಅಂತಲ್ಲ, ಯಾರಿದ್ದರೂ ಹಾಗೇ. ಆ ಕೆಲಸದ ಜೊತೆ ಮುಂದೆ ಬದುಕಬೇಕಾದವರು ನೀವು. ಕಡಿತ ಪಡೆದರೆ ಮೇಸ್ತ್ರಿ ನಿಮ್ಮವರು, ಸಾಮಾನು ನಿಮ್ಮ ಆಯ್ಕೆ, ಕೆಲಸದ ಗ್ಯಾರಂಟಿಯೂ ನಿಮ್ಮ ಹೆಸರಲ್ಲೇ.

ಆದರೆ ಸಾಲ ಮಾಡಿ ಕೊಳ್ಳುವವರು ಒಂದು ಲೆಕ್ಕ ನೋಡಲೇಬೇಕು. ಮನೆಯ ಬೆಲೆ 100 ಭಾಗ, ಬ್ಯಾಂಕು ಕೊಡುವುದು ಬೆಲೆಯ ಶೇಕಡಾ 80, ನಿಮ್ಮ ಕೈಯದು 20 ಎಂದುಕೊಳ್ಳಿ. 5 ಭಾಗ ಖರ್ಚಿನ ರಿಪೇರಿಗಾಗಿ ಮಾರುವವರು ಬೆಲೆಯನ್ನು 95ಕ್ಕೆ ಇಳಿಸಿದರು. ಈಗ ಸಾಲ 76, ನಿಮ್ಮ ಪಾಲು 19. ನಿಮ್ಮ ಕೈಯಲ್ಲಿ ಉಳಿದದ್ದು 1 ಭಾಗ ಮಾತ್ರ! ರಿಪೇರಿಗೆ ಬೇಕಾದ್ದು 5. ಉಳಿದ 4 ಭಾಗ ಸಾಲದಲ್ಲಿ ಕಡಿಮೆಯಾಗಿದೆ ನಿಜ, ಆದರೆ ಮೇಸ್ತ್ರಿಗೆ ಇವತ್ತು ಕೊಡಲು ಅದು ಸಿಗುವುದಿಲ್ಲ. ಕೈಯಲ್ಲಿ ದುಡ್ಡು ಬಿಗಿಯಾಗಿದ್ದರೆ ಬೆಲೆ ಕಡಿತ ಕಾಗದದ ಮೇಲೆ ಮಾತ್ರ ಚೆಂದ. ಅಂಥವರಿಗೆ ಮಾರುವವರೇ ಮಾಡಿಸಿಕೊಡುವುದು ಒಳ್ಳೆಯದು. ಇಲ್ಲವೇ ಮಾರುವವರು ರಿಪೇರಿಯ ಹಣವನ್ನು ನಗದಾಗಿ ಬಿಟ್ಟುಕೊಡುವುದಕ್ಕೆ ಬ್ಯಾಂಕು ಒಪ್ಪುತ್ತದೆಯೇ ಎಂದು ಮೊದಲೇ ಕೇಳಿ. ಬ್ಯಾಂಕಿಗೆ ತಿಳಿಸದೆ ಪಕ್ಕದಲ್ಲಿ ಒಪ್ಪಂದ ಮಾಡಿಕೊಳ್ಳಬೇಡಿ.

ಮಾರುವವರೇ ಮಾಡಿಸುವುದು ಸರಿ ಅನ್ನಿಸುವ ಇನ್ನೂ ಕೆಲವು ಸಂದರ್ಭಗಳಿವೆ. ದೋಷ ಸರಿಯಾಗದೆ ಬ್ಯಾಂಕು ಸಾಲ ಕೊಡುವುದಿಲ್ಲ, ವಿಮೆ ಸಿಗುವುದಿಲ್ಲ ಎಂದಾಗ. ಅನುಮತಿ ಇಲ್ಲದೆ ಕಟ್ಟಿದ ಕೋಣೆಯ ಕಾಗದ ಪತ್ರ ಸರಿಮಾಡಿಸಬೇಕಾದಾಗ. ಆ ತೊಡಕನ್ನು ಹೆಗಲಿಗೆ ಹಾಕಿಕೊಂಡು ಕೊಳ್ಳಬಾರದು. ಇನ್ನೊಂದು, ಬಿಲ್ಡರಿನಿಂದ ಹೊಸ ಮನೆ ಕೊಳ್ಳುವಾಗ. ಅಲ್ಲಿ ದೋಷ ಸರಿಪಡಿಸುವುದು ಅವರದೇ ಹೊಣೆ, ಕಡಿತ ಪಡೆದರೆ ಆ ಹೊಣೆಯಿಂದ ಅವರನ್ನು ನೀವೇ ಬಿಡಿಸಿದಂತಾಗಬಹುದು.

ರಿಪೇರಿಯನ್ನೇ ಆರಿಸಿಕೊಂಡರೆ ಒಪ್ಪಂದದ ಮಾತು ಬಿಗಿಯಾಗಿರಲಿ. 'ಮಾಳಿಗೆಯ ಸೋರಿಕೆ ಸರಿಪಡಿಸಿಕೊಡುವುದು' ಎಂದಷ್ಟೇ ಬರೆದರೆ ಒಂದು ಕೋಟ್ ಪೇಂಟ್ ಹೊಡೆದರೂ ಮಾತು ಉಳಿಸಿಕೊಂಡಂತೆಯೇ. ಹೀಗೆ ಬರೆಯಿಸಿ: 'ವರದಿಯ 14ನೇ ಪುಟದಲ್ಲಿ ತೋರಿಸಿದ ಹಿಂದಿನ ಕೋಣೆಯ ಮೇಲಿನ ತಾರಸಿಯಲ್ಲಿ ಹಳೆಯ ವಾಟರ್‌ಪ್ರೂಫಿಂಗ್ ಪದರವನ್ನು ಪೂರ್ತಿ ತೆಗೆದು, ಹೊಸದು ಹಾಕಿಸಿ, 48 ಗಂಟೆ ನೀರು ನಿಲ್ಲಿಸಿ ಕೊಳ್ಳುವವರ ಇಂಜಿನಿಯರಿಗೆ ತೋರಿಸುವುದು, ಬಿಲ್ಲು ಮತ್ತು ಗ್ಯಾರಂಟಿ ಪತ್ರವನ್ನು ನೋಂದಣಿಗೆ ಮುಂಚೆ ಕೊಡುವುದು.' ಏನು, ಎಲ್ಲಿ, ಹೇಗೆ, ಯಾರು ನೋಡಿ ಒಪ್ಪಬೇಕು, ಯಾವಾಗಿನೊಳಗೆ, ಎಲ್ಲವೂ ಬಂತು. ಗೋಡೆಯೊಳಗೆ ಮುಚ್ಚಿಹೋಗುವ ಕೆಲಸವಾದರೆ ಮುಚ್ಚುವ ಮುನ್ನ ಫೋಟೊ ತೆಗೆದು ಕೊಡಬೇಕೆಂದೂ ಸೇರಿಸಿ.

*ಹಣ ತಡೆಹಿಡಿಯುವುದು.* ರಿಪೇರಿ ನೋಂದಣಿಯೊಳಗೆ ಮುಗಿಯುವಂತಿಲ್ಲ, ಮಳೆ ಬಂದ ಮೇಲೇ ತಿಳಿಯಬೇಕು ಎಂದಾದರೆ ಒಂದಷ್ಟು ಹಣವನ್ನು ಎರಡೂ ಕಡೆಯವರು ಒಪ್ಪುವ ವಕೀಲರ ಬಳಿ ಇಡಬಹುದು. ಯಾವ ಊರಲ್ಲಿ ಇದಕ್ಕೆ ರೂಢಿ ಇದೆಯೋ ಅಲ್ಲಿ ಒಳ್ಳೆಯ ದಾರಿ. ಅಂದಾಜು ಖರ್ಚಿಗಿಂತ ಸ್ವಲ್ಪ ಜಾಸ್ತಿಯೇ ಇಡಿಸಿ. ಹಣ ಯಾವಾಗ ಯಾರಿಗೆ ಬಿಡುಗಡೆ ಎಂದು ಬರೆಯದಿದ್ದರೆ ಮಾತ್ರ ಅದೇ ಒಂದು ಜಗಳದ ಬೇರು.

*ಬಿಟ್ಟುಬಿಡುವುದು.* ಮನೆ ದೊಡ್ಡ ರಿಪೇರಿ ಕೇಳುತ್ತದೆ ಅನ್ನುವುದಷ್ಟೇ ಬಿಡಲು ಕಾರಣವಲ್ಲ. ತಜ್ಞರು ನೋಡಿದ ಮೇಲೂ ಬಿರುಕಿನ ಕಾರಣ ಹೊರಬರದಿದ್ದರೆ, ಮಾರುವವರು ಕೇಳಿದ ಜಾಗ ತೋರಿಸಲು ಒಪ್ಪದಿದ್ದರೆ, ಬೆಲೆಗೆ ರಿಪೇರಿ ಸೇರಿಸಿದಾಗ ಅದೇ ಬೀದಿಯ ಗಟ್ಟಿ ಮನೆಗಿಂತ ದುಬಾರಿಯಾದರೆ, ಅಥವಾ ಅಂದಾಜು ಖರ್ಚು ಒಂದೂವರೆ ಪಟ್ಟಾದರೆ ನಿಮ್ಮ ಸಂಸಾರ ತತ್ತರಿಸುವುದಾದರೆ ಬಿಡಿ. ತಪಾಸಣೆಗೆ ಕೊಟ್ಟ ಫೀಸು ಹೋಯಿತಲ್ಲ ಎಂದು ಯಾರೂ ಮನೆ ಕೊಳ್ಳಬಾರದು. ಆ ಫೀಸು ಕೊಟ್ಟದ್ದೇ ಇಂಥ ಮನೆ ಗುರುತಿಸಲು. ಕರಾರು ಮಾಡಿದ ಮೇಲೆ ಬಿಡುವುದಾದರೆ ವಕೀಲರ ಮೂಲಕ, ಗಡುವಿನೊಳಗೆ, ಬರಹದಲ್ಲಿ.

ಅಪಾರ್ಟ್‌ಮೆಂಟ್ ಆದರೆ ಒಂದು ಹೆಚ್ಚಿನ ಮಾತು. ತಾರಸಿ, ಹೊರಗೋಡೆ, ಪಿಲ್ಲರ್, ಉದ್ದಕ್ಕೂ ಇಳಿಯುವ ಪೈಪುಗಳು ಸಾಮಾನ್ಯವಾಗಿ ಎಲ್ಲರಿಗೂ ಸೇರಿದವು. ಅವುಗಳ ದೋಷವನ್ನು ಮಾರುವವರು ಒಬ್ಬರೇ ಸರಿಮಾಡಿಸಲಾರರು. ಸಂಘದ ಸಭೆಗಳ ನಡಾವಳಿ, ರಿಪೇರಿ ನಿಧಿಯಲ್ಲಿ ಎಷ್ಟಿದೆ, ದೊಡ್ಡ ವಂತಿಗೆ ಎತ್ತುವ ಮಾತು ನಡೆದಿದೆಯೇ ಎಂದು ಕೇಳಿ. ವಂತಿಗೆ ಬರುವುದು ಖಚಿತ ಎಂದಾದರೆ ನಿಮ್ಮ ಪಾಲಿಗೆ ಬರುವಷ್ಟನ್ನು ಬೆಲೆಯಲ್ಲಿ ಕಡಿಸಿ.

ಮಾತಿಗೆ ಕೂರುವಾಗ

ಪೂರ್ತಿ ವರದಿಯನ್ನು ಎತ್ತಿ ಮಾರುವವರ ಮುಂದೆ ಹಾಕಬೇಡಿ. ಮೂರೋ ನಾಲ್ಕೋ ದೊಡ್ಡ ವಿಷಯ ಆರಿಸಿ. ಪ್ರತಿಯೊಂದಕ್ಕೂ ವರದಿಯ ಪುಟ, ಫೋಟೊ, ಕೆಲಸ ಮಾಡುವ ಇಬ್ಬರು ಬೇರೆ ಬೇರೆಯವರಿಂದ ಪಡೆದ ಕೊಟೇಶನ್ ಇರಲಿ. 'ತುಂಬಾ ಖರ್ಚಾಗುತ್ತೆ, ಕಡಿಮೆ ಮಾಡಿ' ಅಂದರೆ ಯಾರೂ ಕೇಳುವುದಿಲ್ಲ. ಕೊಟೇಶನ್ ಮುಂದಿಟ್ಟರೆ ಮಾತು ಬೇರೆ ದಾರಿ ಹಿಡಿಯುತ್ತದೆ. ಎಷ್ಟಕ್ಕೆ ಒಪ್ಪುತ್ತೀರಿ, ಎಷ್ಟು ದಾಟಿದರೆ ಎದ್ದು ಬರುತ್ತೀರಿ ಎಂದು ಮನೆಯವರೆಲ್ಲ ಕೂತು ಮೊದಲೇ ನಿರ್ಧರಿಸಿ. ಅಲ್ಲಿ ಕೂತ ಮೇಲೆ ಆ ಮನೆಯ ಬಾಲ್ಕನಿ, ಬೆಳಕು, ಮಕ್ಕಳ ಕೋಣೆ ಎಲ್ಲ ಕಣ್ಮುಂದೆ ಬಂದು ಲೆಕ್ಕ ತಪ್ಪಿಸುತ್ತವೆ. ಮಾತು ಸೌಮ್ಯವಾಗಿರಲಿ. ಹಿಂದೆ ಎಲ್ಲಿ ಏನು ರಿಪೇರಿ ಮಾಡಿಸಿದ್ದರು, ಯಾವ ಪೈಪು ಎಲ್ಲಿ ಹೋಗಿದೆ ಎಂದು ಹೇಳಬಲ್ಲವರು ಅವರೇ.

ಎಲ್ಲ ಒಪ್ಪಿ ನೋಂದಣಿಯ ಹಂತಕ್ಕೆ ಬಂದಿರೋ, ಹಿಂದಿನ ದಿನ ಇನ್ನೊಮ್ಮೆ ಮನೆಗೆ ಹೋಗಿ. ಸಾಧ್ಯವಾದರೆ ಸಾಮಾನೆಲ್ಲ ಖಾಲಿಯಾದ ಮೇಲೆ. ಬೀರು ನಿಂತಿದ್ದ ಗೋಡೆ, ಮಂಚದ ಕೆಳಗಿನ ನೆಲ, ಸಿಂಕಿನ ತಳ, ಮೊದಲ ಸಲ ಕಾಣದ್ದೆಲ್ಲ ಈಗ ಕಾಣುತ್ತದೆ. ಎಲ್ಲ ನಲ್ಲಿ ಒಟ್ಟಿಗೆ ಬಿಡಿ, ಎಲ್ಲ ಸ್ವಿಚ್ ಹಾಕಿ, ಲೀಕೇಜ್ ಬ್ರೇಕರಿನ ಟೆಸ್ಟ್ ಬಟನ್ ಒತ್ತಿ ನೋಡಿ. ಮಾರುವವರು ರಿಪೇರಿ ಮಾಡಿಸಿದ ಜಾಗವನ್ನು ನಿಮ್ಮ ಇಂಜಿನಿಯರಿಗೆ ತೋರಿಸಿ, ಬಿಲ್ಲುಗಳನ್ನು ಪಡೆದುಕೊಳ್ಳಿ. ಒಪ್ಪಿಕೊಂಡ ಕೆಲಸ ಅರ್ಧಕ್ಕೆ ನಿಂತಿದ್ದರೆ ಸಹಿಯನ್ನು ಎರಡು ದಿನ ಮುಂದೂಡಲು ಹಿಂಜರಿಯಬೇಡಿ.

ಉಳಿದ ರಿಪೇರಿಗಳನ್ನು ಒಳಗೆ ಸೇರುವ ಮುನ್ನವೇ, ಖಾಲಿ ಮನೆಯಲ್ಲೇ ಮಾಡಿಸಿ. ಮೊದಲು ಛಾವಣಿ ಮತ್ತು ಸೋರಿಕೆ, ಆಮೇಲೆ ಪೈಪು, ವೈರಿಂಗ್, ಅದು ಮುಗಿದು ಗೋಡೆ ಪೂರ್ತಿ ಒಣಗಿದ ಮೇಲೆ ಪುಟ್ಟಿ, ಬಣ್ಣ. ಒದ್ದೆ ಗೋಡೆಗೆ ಬಳಿದ ಬಣ್ಣ ಗುಳ್ಳೆ ಎದ್ದು ಉದುರುತ್ತದೆ. ಕೆಲಸಕ್ಕೆ ಬರುವ ಮೇಸ್ತ್ರಿಗೂ ವರದಿಯಲ್ಲಿ ಆ ಕೆಲಸಕ್ಕೆ ಸಂಬಂಧಿಸಿದ ಪುಟಗಳ ಒಂದು ಪ್ರತಿ ಕೊಡಿ.